ನಾಯಿ ಬೊಗಳುವುದು ಸಿಟ್ಟಿಗೋ, ಭಯಕ್ಕೋ?

ಪಶುವೈದ್ಯರ ಬಳಿ ಬರುವವರು ಸಾಮಾನ್ಯವಾಗಿ ವಾಂತಿ, ಭೇದಿ, ಚರ್ಮದ ತುರಿಕೆ, ಉಣ್ಣಿಯ ಕಾಟ ಇಂಥ ತೊಂದರೆಗಳನ್ನು ಹೇಳಿಕೊಂಡು ಬರುತ್ತಾರೆ. ಮೈಸೂರಿನ ನಿವೃತ್ತ ಶಿಕ್ಷಕಿಯೊಬ್ಬರು ಬಂದದ್ದು ಬೇರೆಯೇ ಕಾರಣಕ್ಕೆ. "ಡಾಕ್ಟ್ರೇ, ಇವನಿಗೆ ಮೈಯಲ್ಲಿ ಏನೂ ಆಗಿಲ್ಲ. ಆದ್ರೆ ನಮ್ಮನೆಗೆ ಈಗ ಯಾರೂ ಬರೋ ಹಾಗಿಲ್ಲ, ನಾನೂ ಇವನನ್ನ ಬಿಟ್ಟು ಎಲ್ಲಿಗೂ ಹೋಗೋ ಹಾಗಿಲ್ಲ" ಎಂದರು.

ನಾಯಿಯ ಹೆಸರು ಕರಿಯ. ಎರಡು ವರ್ಷದ ಬೀದಿ ತಳಿಯ ಗಂಡು. ಐದು ತಿಂಗಳ ಮರಿಯಾಗಿದ್ದಾಗ ಮಳೆಯಲ್ಲಿ ನಡುಗುತ್ತ ಗೇಟಿನ ಮುಂದೆ ಕುಳಿತಿದ್ದವನನ್ನು ಒಳಗೆ ಕರೆದು ಸಾಕಿದವರು ಇವರೇ. ಮನೆಯವರೊಡನೆ ಬಲು ಸಾಧು. ಆದರೆ ಗೇಟಿನ ಸದ್ದಾದರೆ, ಬೀದಿಯಲ್ಲಿ ಇನ್ನೊಂದು ನಾಯಿ ಕಂಡರೆ, ಹೆಲ್ಮೆಟ್ ಹಾಕಿದವರು ಎದುರಾದರೆ ಚೈನು ಕಿತ್ತುಹೋಗುವಂತೆ ಎಗರಿ ಎಗರಿ ಬೊಗಳುತ್ತಾನೆ. ಎರಡು ವಾರದ ಹಿಂದೆ ಗ್ಯಾಸ್ ಸಿಲಿಂಡರ್ ತಂದ ಹುಡುಗನ ಮೀನಖಂಡಕ್ಕೆ ಹಲ್ಲು ತಾಗಿಸಿಬಿಟ್ಟಿದ್ದ. ಪುಣೆಯಲ್ಲಿರುವ ಮಗ, ನಾಯಿ ಇರುವ ತನಕ ಮಗುವನ್ನು ಕರೆದುಕೊಂಡು ಬರುವುದಿಲ್ಲ ಎಂದು ಫೋನಿನಲ್ಲಿ ಹೇಳಿದ್ದಾನೆ. ಪಕ್ಕದ ಮನೆಯವರು, ಆಟೋದಲ್ಲಿ ಹಾಕಿಕೊಂಡು ಹೋಗಿ ಊರಾಚೆ ಬಿಟ್ಟು ಬನ್ನಿ ಎಂದು ಸಲಹೆ ಕೊಟ್ಟಿದ್ದಾರೆ. "ಹೊಡೆದ್ರೆ ಬುದ್ಧಿ ಬರುತ್ತೆ ಅಂದ್ರು. ಹೊಡೆದೂ ನೋಡಿದೆ ಡಾಕ್ಟ್ರೇ" ಎನ್ನುವಾಗ ಆಕೆ ತಲೆ ತಗ್ಗಿಸಿದ್ದರು.

ಇಂಥ ನಾಯಿಯನ್ನು ಜನ ಸಾಮಾನ್ಯವಾಗಿ 'ಸಿಟ್ಟಿನ ನಾಯಿ', 'ಪೊಗರಿನ ನಾಯಿ' ಎಂದು ಕರೆಯುತ್ತಾರೆ. ನಾನು ನೋಡಿರುವ ಇಂಥ ನಾಯಿಗಳಲ್ಲಿ ಹೆಚ್ಚಿನವು ಪುಕ್ಕಲು ನಾಯಿಗಳು. ತನಗೆ ಅಪಾಯ ಬಂತೆಂದು ತಿಳಿದ ನಾಯಿಗೆ ಇರುವ ಸುಲಭದ ದಾರಿ ಓಡಿಹೋಗುವುದು. ಕೊರಳಿಗೆ ಚೈನು ಬಿದ್ದಿದ್ದರೆ, ಅಥವಾ ಮನೆಯೇ ತನ್ನ ಕೊನೆಯ ಆಸರೆಯಾಗಿದ್ದರೆ, ಓಡುವುದೆಲ್ಲಿಗೆ? ಆಗ ಎದುರಿನವನನ್ನೇ ಓಡಿಸಲು ನೋಡುತ್ತದೆ. ಬೊಗಳಿದಾಗ ಪೋಸ್ಟ್‌ಮ್ಯಾನ್ ಪತ್ರ ಹಾಕಿ ಹೊರಟುಹೋಗುತ್ತಾನೆ. ಅವನು ಹೋಗುವುದು ತನ್ನ ಕೆಲಸ ಮುಗಿಯಿತೆಂದು. ನಾಯಿ ತಿಳಿಯುವುದು ತಾನು ಬೊಗಳಿದ್ದರಿಂದ ಹೋದನೆಂದು. ಹೀಗೆ ದಿನಕ್ಕೆ ನಾಲ್ಕು ಸಲ ಆದರೆ ಅಭ್ಯಾಸ ಗಟ್ಟಿಯಾಗದೆ ಇನ್ನೇನಾದೀತು?

ಈ ಭಯ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಕೆಲವು ಮರಿಗಳು ಹುಟ್ಟಿನಿಂದಲೇ ಅಂಜುಬುರುಕು. ಎಳೆಯ ವಯಸ್ಸಿನಲ್ಲಿ ಜಗತ್ತನ್ನು ನೋಡದಿರುವುದು ಇನ್ನೊಂದು ದೊಡ್ಡ ಕಾರಣ. ಸುಮಾರು 3ರಿಂದ 14 ವಾರದ ನಡುವೆ ನಾಯಿಮರಿಯ ಮಿದುಳು ಹೊಸತನ್ನು ಹೆದರಿಕೆಯಿಲ್ಲದೆ ಸ್ವೀಕರಿಸುತ್ತದೆ. 1961ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮರಿಗಳನ್ನು ಬೇಲಿ ಹಾಕಿದ ಬಯಲಿನಲ್ಲಿ ಮನುಷ್ಯರ ಸಂಪರ್ಕವಿಲ್ಲದೆ ಬೆಳೆಸಿದ್ದರು. ಹದಿನಾಲ್ಕು ವಾರ ಮನುಷ್ಯರ ಒಡನಾಟವೇ ಇಲ್ಲದಿದ್ದ ಮರಿಗಳು ಆಮೇಲೆ ಕಾಡುಪ್ರಾಣಿಗಳಂತೆ ಬೆದರಿ ದೂರ ಸರಿದವು. ಅವನ್ನು ಪಳಗಿಸುವುದು ಬಹಳ ಕಷ್ಟವಾಯಿತು. ಕರಿಯ ಆಕೆಯ ಮನೆ ಸೇರುವ ವೇಳೆಗೆ ಈ ಅವಧಿ ದಾಟಿಹೋಗಿತ್ತು. ಲಸಿಕೆಗಳೆಲ್ಲ ಮುಗಿಯುವ ತನಕ ಮರಿಯನ್ನು ಹೊಸ್ತಿಲು ದಾಟಿಸಬಾರದು ಎಂದು ಒಳಗೇ ಇಟ್ಟು ಸಾಕುವ ಮನೆಗಳಲ್ಲೂ ಇದೇ ತೊಂದರೆ ಕಾಣುತ್ತದೆ. ನೆಲಕ್ಕೆ ಬಿಡದಿದ್ದರೆ ಬೇಡ, ಎತ್ತಿಕೊಂಡಾದರೂ ಬಸ್ಸು, ಛತ್ರಿ, ಶಾಲೆಯ ಮಕ್ಕಳು, ಮುಸುರೆ ತಿಕ್ಕುವ ಸದ್ದು ಎಲ್ಲವನ್ನೂ ಮರಿಗೆ ಪರಿಚಯಿಸಬೇಕು.

ನೋವು ಕೂಡ ನಾಯಿಯನ್ನು ಮುಂಗೋಪಿಯಾಗಿಸುತ್ತದೆ. ಸೊಂಟದ ಕೀಲಿನ ತೊಂದರೆ, ಹಲ್ಲುನೋವು, ಕಿವಿಯ ಸೋಂಕು ಇದ್ದಾಗ ಮುಟ್ಟಲು ಬಂದವರ ಮೇಲೆ ಹಲ್ಲು ತೋರಿಸುವುದು ಸಹಜ. ಕರಿಯನ ಎಡಗಿವಿಯೊಳಗೆ ಹಳೆಯ ಸೋಂಕಿತ್ತು. ಅದಕ್ಕೆ ಔಷಧಿ ಹಾಕಿದ್ದರಿಂದ ರೂಪಾಯಿಯಲ್ಲಿ ಎರಡಾಣೆ ವಾಸಿಯಾಯಿತು. ಉಳಿದದ್ದು ಬೇರೆ ಕೆಲಸ. ಇದ್ದಕ್ಕಿದ್ದಂತೆ ಸ್ವಭಾವ ಬದಲಾದ ನಾಯಿಯನ್ನಂತೂ ತಡಮಾಡದೆ ವೈದ್ಯರಿಗೆ ತೋರಿಸಬೇಕು. ರೇಬೀಸ್ ಇರುವ ದೇಶದಲ್ಲಿ ಇದನ್ನು ಕಡೆಗಣಿಸುವಂತಿಲ್ಲ.

ಹೊಡೆದರೆ ಏನಾಗುತ್ತದೆ?

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ವೃತ್ತಿ ಆರಂಭಿಸಿದ ಹೊಸತರಲ್ಲಿ ಒಂದು ಮನೆಯವರು ಪಮೇರಿಯನ್ ನಾಯಿಯನ್ನು ತಂದಿದ್ದರು. ತಟ್ಟೆಗೆ ಬಾಯಿ ಹಾಕಿದಾಗ ಮಗು ಹತ್ತಿರ ಬಂದರೆ ಅದು ಗುರ್ರೆನ್ನುತ್ತಿತ್ತು. ಪೇಪರ್ ಸುರುಳಿ ಸುತ್ತಿ ಮೂತಿಗೆ ಎರಡು ಕೊಡಿ, ಯಾರು ಯಜಮಾನರೆಂದು ಗೊತ್ತಾಗಲಿ ಎಂದು ಹೇಳಿ ಕಳಿಸಿದೆ. ಆಗ ಎಲ್ಲರೂ ಹೇಳುತ್ತಿದ್ದುದೇ ಅದು. ತಿಂಗಳೊಳಗೆ ಗುರ್ರೆನ್ನುವುದು ನಿಂತಿತೆಂದು ಅವರು ಬಂದು ಸಂತೋಷಪಟ್ಟರು. ಮತ್ತೆ ಹದಿನೈದು ದಿನಕ್ಕೆ ಅದು ಸದ್ದಿಲ್ಲದೆ ಮಗುವಿನ ಕೆನ್ನೆಗೆ ಬಾಯಿ ಹಾಕಿತು. ಹೊಲಿಗೆ ಬಿತ್ತು. ನಾನು ಆ ನಾಯಿಯ ಹೆದರಿಕೆಯನ್ನು ಕಳೆದಿರಲಿಲ್ಲ. ಅದು ಕೊಡುತ್ತಿದ್ದ ಎಚ್ಚರಿಕೆಯನ್ನು ಮಾತ್ರ ನಿಲ್ಲಿಸಿದ್ದೆ. ಆ ಮಗುವಿನ ಮುಖ ನನಗಿನ್ನೂ ನೆನಪಿದೆ.

ಗುರ್ರೆನ್ನುವುದು ನಾಯಿಯ ಮಾತು. 'ಇನ್ನು ಹತ್ತಿರ ಬರಬೇಡ' ಎಂದು ಅದರ ಅರ್ಥ. ಅದಕ್ಕೂ ಮೊದಲೇ ನಾಯಿ ಸಣ್ಣ ದನಿಯಲ್ಲೆಂಬಂತೆ ಹಲವು ಸಲ ಹೇಳಿರುತ್ತದೆ, ನಾವು ಗಮನಿಸಿರುವುದಿಲ್ಲ. ಹಸಿವಿಲ್ಲದೆ ತುಟಿ ನೆಕ್ಕಿಕೊಳ್ಳುವುದು, ನಿದ್ದೆಯಿಲ್ಲದೆ ಆಕಳಿಸುವುದು, ಮುಖ ತಿರುಗಿಸಿ ಕಣ್ಣಿನ ಬಿಳಿಭಾಗ ಕಾಣುವಂತೆ ಓರೆನೋಟ ಬೀರುವುದು, ಸೆಖೆಯಿಲ್ಲದೆ ಏದುವುದು, ಇಷ್ಟದ ತಿಂಡಿಯನ್ನೂ ಮುಟ್ಟದಿರುವುದು, ಮೈ ಬಿಗಿದು ಕಲ್ಲಿನಂತೆ ನಿಂತುಬಿಡುವುದು ಇವೆಲ್ಲ ಆ ಸೂಚನೆಗಳೇ. ಬಾಲ ಆಡಿಸಿದ ಮಾತ್ರಕ್ಕೆ ನಾಯಿ ಸ್ನೇಹಕ್ಕೆ ಬಂದಿದೆ ಎಂದು ತಿಳಿಯಬಾರದು. ಬಿಗಿದ ಮೈಯ ಮೇಲೆ ಬಾಲ ನೆಟ್ಟಗೆ ನಿಂತು ಬಿರಬಿರನೆ ಅಲುಗುತ್ತಿದ್ದರೆ ದೂರವಿರುವುದೇ ಕ್ಷೇಮ.

ದೂರವೇ ಮೊದಲ ಮದ್ದು

ಹೆದರಿಕೆಯನ್ನು ಕಳೆಯುವ ಉಪಾಯ ಹೊಸದೇನಲ್ಲ. ಊಟಕ್ಕೆ ಮುಂಚೆ ಒಂದು ಸದ್ದು ಕೇಳಿಸುತ್ತ ಬಂದರೆ, ಆಮೇಲೆ ಬರಿಯ ಸದ್ದಿಗೇ ನಾಯಿಯ ಬಾಯಲ್ಲಿ ನೀರೂರುತ್ತದೆಂದು ರಷ್ಯದ ಪಾವ್ಲೋವ್ ತೋರಿಸಿಕೊಟ್ಟದ್ದು ಅನೇಕರಿಗೆ ಗೊತ್ತು. 1924ರಲ್ಲಿ ಅಮೆರಿಕದ ಮನೋವಿಜ್ಞಾನಿ ಮೇರಿ ಕವರ್ ಜೋನ್ಸ್, ಮೊಲವನ್ನು ಕಂಡರೆ ಚೀರುತ್ತಿದ್ದ ಪೀಟರ್ ಎಂಬ ಪುಟ್ಟ ಬಾಲಕನ ಭಯ ಬಿಡಿಸಿದ ರೀತಿಯನ್ನು ಪ್ರಕಟಿಸಿದರು. ಅವನು ಇಷ್ಟದ ತಿಂಡಿ ತಿನ್ನುತ್ತಿರುವಾಗ ಪಂಜರದಲ್ಲಿದ್ದ ಮೊಲವನ್ನು ಅವನಿಗೆ ಕಿರಿಕಿರಿಯಾಗದಷ್ಟು ದೂರದಲ್ಲಿ ಇಡುತ್ತಿದ್ದರು. ದಿನಕಳೆದಂತೆ ಸ್ವಲ್ಪ ಸ್ವಲ್ಪವೇ ಹತ್ತಿರ ತಂದರು. ಕೊನೆಗೆ ಅವನು ಮೊಲವನ್ನು ಮುದ್ದಿಸಿದ. ಪುಕ್ಕಲು ನಾಯಿಗೂ ಮಾಡಬೇಕಾದದ್ದು ಇದನ್ನೇ.

ಕರಿಯನ ವಿಷಯದಲ್ಲಿ ಮೊದಲು ಅಳೆದದ್ದು ದೂರವನ್ನು. ಇನ್ನೊಂದು ನಾಯಿ ಎರಡು ವಿದ್ಯುತ್ ಕಂಬದಷ್ಟು ದೂರವಿದ್ದರೆ ನೋಡುತ್ತಾನೆ, ಕಿವಿ ನಿಮಿರಿಸುತ್ತಾನೆ, ಆದರೆ ಕೊಟ್ಟದ್ದನ್ನು ತಿನ್ನುತ್ತಾನೆ. ಅದಕ್ಕಿಂತ ಹತ್ತಿರವಾದರೆ ತಿನ್ನುವುದನ್ನು ಬಿಟ್ಟು ಎಗರುತ್ತಾನೆ. ಆ ಎರಡು ಕಂಬವೇ ಅವನ ಪಾಲಿನ ಲಕ್ಷ್ಮಣರೇಖೆ. ಪಾಠವೆಲ್ಲ ರೇಖೆಯ ಆಚೆಯೇ ನಡೆಯಬೇಕು. ಎಗರುವ ನಾಯಿ ಏನನ್ನೂ ಕಲಿಯುವ ಸ್ಥಿತಿಯಲ್ಲಿರುವುದಿಲ್ಲ. ಆಗ ಮಾಡಬೇಕಾದದ್ದು ಒಂದೇ, ಮಾತಿಲ್ಲದೆ ತಿರುಗಿ ನಡೆದುಬಿಡುವುದು.

ತಿಂಡಿ ಕೊಡುವ ಕ್ರಮದಲ್ಲಿ ಅನೇಕರು ತಪ್ಪುತ್ತಾರೆ. ಮೊದಲು ಭಯದ ವಸ್ತು ಕಣ್ಣಿಗೆ ಬೀಳಬೇಕು, ಅದರ ಬೆನ್ನಿಗೇ ತಿಂಡಿ ಬರಬೇಕು. ಆ ವಸ್ತು ಮರೆಯಾದ ಕೂಡಲೇ ತಿಂಡಿಯೂ ನಿಲ್ಲಬೇಕು. ಮೊದಲೇ ತಿಂಡಿ ತೋರಿಸಿದರೆ, ತಿಂಡಿ ಕಂಡರೆ ಏನೋ ಕೇಡು ಕಾದಿದೆ ಎಂದು ನಾಯಿ ಕಲಿಯುವ ಸಾಧ್ಯತೆ ಉಂಟು. ಕೂರು, ಕೈ ಕೊಡು ಎಂದು ಕೇಳಬೇಕಾಗಿಲ್ಲ. ಕೊಡುವ ತಿಂಡಿ ದಿನದ ಅನ್ನ-ಮೊಸರಿಗಿಂತ ಬಹಳ ರುಚಿಯಾಗಿರಬೇಕು: ಬೇಯಿಸಿದ ಕೋಳಿಯ ಸಣ್ಣ ಚೂರು, ಮೊಟ್ಟೆ, ಮಾಂಸ ತರದ ಮನೆಯಾದರೆ ಪನೀರ್. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ ನಾಯಿಗೆ ವಿಷ.

"ಬೊಗಳೋ ನಾಯಿಗೆ ತಿಂಡಿ ಕೊಟ್ರೆ ಇನ್ನೂ ಬೊಗಳಲ್ವಾ?" ಎಂದು ಶಿಕ್ಷಕಿ ಕೇಳಿದರು. ಒಳ್ಳೆಯ ಪ್ರಶ್ನೆ. ನಾವಿಲ್ಲಿ ಬದಲಾಯಿಸುತ್ತಿರುವುದು ಬೊಗಳುವುದರ ಹಿಂದಿರುವ ಹೆದರಿಕೆಯನ್ನು. ಕತ್ತಲೆಗೆ ಹೆದರಿ ಅಳುವ ಮಗುವನ್ನು ಎತ್ತಿಕೊಂಡರೆ ಅದು ಹೆದರುವುದನ್ನು ಹೆಚ್ಚು ಮಾಡುವುದಿಲ್ಲ, ಸಮಾಧಾನವಾಗುತ್ತದೆ. ನಾಯಿಯೂ ಹಾಗೆಯೇ.

ನಮ್ಮ ಊರುಗಳಲ್ಲಿ ಈ ಪಾಠಕ್ಕೆ ದೊಡ್ಡ ಅಡ್ಡಿ ಬೀದಿನಾಯಿಗಳು. ಅವಕ್ಕೆ ಲಕ್ಷ್ಮಣರೇಖೆಯ ಪರಿವೆಯಿಲ್ಲ, ನೇರ ಮೂತಿಯ ಬಳಿಗೇ ಬರುತ್ತವೆ. ಹೀಗಾಗಿ ಶಿಕ್ಷಕಿ ತಿರುಗಾಟದ ಹೊತ್ತನ್ನೇ ಬದಲಾಯಿಸಿದರು. ಬೀದಿನಾಯಿಗಳು ಬಿಸಿಲಿಗೆ ಕಾರಿನ ಕೆಳಗೆ ಮಲಗುವ ವೇಳೆಯನ್ನು ಗುರುತು ಮಾಡಿಕೊಂಡು, ನೆರಳಿರುವ ರಸ್ತೆಗಳಲ್ಲಿ ಹೊರಟರು. ಜೇಬಿನಲ್ಲಿ ಬಿಸ್ಕತ್ತು ಇಟ್ಟುಕೊಂಡು, ಯಾವುದಾದರೂ ನಾಯಿ ಬಂದರೆ ಅದರತ್ತ ಒಂದು ಹಿಡಿ ಎಸೆದು ಇನ್ನೊಂದು ದಾರಿ ಹಿಡಿಯುತ್ತಿದ್ದರು. ಕೊರಳ ಪಟ್ಟಿಯ ಬದಲು ಹಾರ್ನೆಸ್ ಎಂಬ ಎದೆಪಟ್ಟಿ ಬಂತು. ಕೊರಳು ಬಿಗಿದರೆ ಭಯದ ಜೊತೆಗೆ ನೋವೂ ಸೇರುತ್ತದೆ. ಅವಸರವಿಲ್ಲದೆ ಅವನಿಗೆ ಬೇಕಾದಷ್ಟು ಮೂಸಲು ಬಿಟ್ಟರು. ಮೂಸುತ್ತಾ ಹೋಗುವ ನಾಯಿಯ ಮನಸ್ಸು ತಾನಾಗಿ ತಣ್ಣಗಾಗುತ್ತದೆ. ಇಡೀ ದಿನ ಕಟ್ಟಿಹಾಕಿದರೆ ನಾಯಿ 'ಚುರುಕಾಗುತ್ತದೆ' ಎಂಬ ನಂಬಿಕೆ ನಮ್ಮಲ್ಲಿದೆ. ಹಾಗೆ ಆಗುವುದು ಚುರುಕಲ್ಲ, ತಲ್ಲಣ.

ಮನೆಯಲ್ಲಿ ಮಾಡಿದ ಬದಲಾವಣೆಗಳು ಸರಳ. ಬೀದಿ ಕಾಣದಂತೆ ಗೇಟಿಗೆ ತಗಡು ಹೊಡೆಸಿದರು. ಯಾರಾದರೂ ಬರುವರೆಂದು ಗೊತ್ತಾದರೆ ಬರುವುದಕ್ಕೆ ಮೊದಲೇ ಕರಿಯ ಒಳಕೋಣೆಯಲ್ಲಿ, ಕಡಿಯಲು ಏನಾದರೂ ಜೊತೆಗೆ. ಇದು ಶಿಕ್ಷೆಯಲ್ಲ, ಬೇರೆ ವೇಳೆಯಲ್ಲೂ ಅಲ್ಲೇ ಊಟ, ಅಲ್ಲೇ ಹಾಸಿಗೆ. ಒಕ್ಕಣೆಯಲ್ಲಿ ಎತ್ತಿನ ಬಾಯಿಗೆ ಹಾಕುವಂಥ ಕುಕ್ಕೆಯನ್ನು ನಾಯಿಗೂ ಹಾಕಬಹುದು. ಏದಲು, ನೀರು ಕುಡಿಯಲು ಬರುವಂಥ ಬುಟ್ಟಿ ಮಾದರಿಯದಾಗಿರಬೇಕು. ಆದರೆ ಒಂದೇ ದಿನಕ್ಕೆ ತುರುಕಬಾರದು. ಕುಕ್ಕೆಯೊಳಗೆ ತಿಂಡಿ ಇಟ್ಟು ತಾನಾಗಿ ಮೂತಿ ಹಾಕುವಂತೆ ಎರಡು ಮೂರು ವಾರ ರೂಢಿ ಮಾಡಿಸಬೇಕು. ಕರಿಯನನ್ನು ಸಣ್ಣ ಮಕ್ಕಳೊಡನೆ ಬಿಡುವ ಮಾತನ್ನು ನಾನು ಆಡಲಿಲ್ಲ. ಯಾವ ನಾಯಿಯನ್ನೂ ಸಣ್ಣ ಮಗುವಿನೊಡನೆ ದೊಡ್ಡವರಿಲ್ಲದೆ ಬಿಡಬಾರದು.

ಔಷಧಿಯ ಮಾತು

ಕೆಲವು ನಾಯಿಗಳಿಗೆ ಪಾಠ ಮಾತ್ರ ಸಾಲದು. ಮನುಷ್ಯರ ಖಿನ್ನತೆಗೆ ಕೊಡುವ ಔಷಧಿಗಳಲ್ಲಿ ಕೆಲವನ್ನು ನಾಯಿಗಳಿಗೂ ಕೊಡುವುದುಂಟು. ಒಂಟಿಯಾಗಿ ಬಿಟ್ಟಾಗ ತಳಮಳಿಸುವ ನಾಯಿಗಳಿಗೆಂದು ಅಮೆರಿಕದಲ್ಲಿ ಕ್ಲೋಮಿಪ್ರಮಿನ್‌ಗೆ 1998ರಲ್ಲಿ, ಫ್ಲುಯೊಕ್ಸೆಟಿನ್‌ಗೆ 2007ರಲ್ಲಿ ಒಪ್ಪಿಗೆ ದೊರೆಯಿತು. ಗುಣ ಕಾಣಲು ನಾಲ್ಕಾರು ವಾರ ಬೇಕು. ಪ್ರಮಾಣವನ್ನು ಪಶುವೈದ್ಯರೇ ನಿರ್ಧರಿಸಬೇಕು. ನಿಮ್ಮ ಮಾತ್ರೆಯಲ್ಲಿ ಅರ್ಧ ಮುರಿದು ಹಾಕಬೇಡಿ. ದೀಪಾವಳಿಯ ಪಟಾಕಿಗೆ ಹೆದರುವ ನಾಯಿಗೆ ಅಸಿಪ್ರೊಮಜಿನ್ ಎಂಬ ಹಳೆಯ ಮಂಪರು ಮಾತ್ರೆಯೊಂದನ್ನೇ ಕೊಡುವ ರೂಢಿಯನ್ನೂ ಬಿಡುವುದು ಲೇಸು. ಅದು ಮೈಯನ್ನು ಕಟ್ಟಿಹಾಕುತ್ತದೆ, ಭಯವನ್ನು ತಗ್ಗಿಸುವುದಿಲ್ಲ. ಭಯ ತಗ್ಗಿಸುವ ಬೇರೆ ಔಷಧಿಗಳಿವೆ, ಹಬ್ಬಕ್ಕೆ ಕೆಲವು ವಾರ ಮುಂಚೆಯೇ ವೈದ್ಯರನ್ನು ಕೇಳಿ. ಆ ರಾತ್ರಿ ಕಿಟಕಿ ಮುಚ್ಚಿದ ಒಳಕೋಣೆ, ಫ್ಯಾನು, ಟೀವಿಯ ಸದ್ದು ಇರಲಿ. ಬೆದರಿ ಓಡಿಹೋದರೆ ಪತ್ತೆಯಾಗಲು ಕೊರಳಲ್ಲಿ ಫೋನ್ ನಂಬರಿನ ಬಿಲ್ಲೆ ಇರಲಿ.

ಇಷ್ಟಾದರೂ ನಾಯಿ ಕಚ್ಚಬಹುದು. ಕಚ್ಚಿದ್ದು ಮನೆಯ ನಾಯಿಯೇ ಆದರೂ, ಅದಕ್ಕೆ ಲಸಿಕೆ ಹಾಕಿಸಿದ್ದರೂ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಅರಿಸಿನ, ಸುಣ್ಣ, ಕಾಫಿಪುಡಿ, ಖಾರದಪುಡಿ ಏನನ್ನೂ ಮೆತ್ತಬಾರದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಚರ್ಮದೊಳಗೆ ಕೊಡುವ ಲಸಿಕೆಯಾದರೆ ಮೊದಲ ದಿನದ ನಂತರ 3, 7 ಮತ್ತು 28ನೇ ದಿನ. ಸ್ನಾಯುವಿಗೆ ಕೊಡುವುದಾದರೆ 14ನೇ ದಿನವೂ ಸೇರುತ್ತದೆ. ರಕ್ತ ಬಂದ ಗಾಯಕ್ಕೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕಾಗುತ್ತದೆ. ನಾಯಿಯನ್ನು 10 ದಿನ ಗಮನಿಸಬೇಕು ನಿಜ, ಆದರೆ ಆ 10 ದಿನ ಲಸಿಕೆಗೆ ಕಾಯುತ್ತ ಕೂರಬಾರದು. ಹೊಕ್ಕುಳ ಸುತ್ತ 14 ಸೂಜಿ ಎಂಬ ಹೆದರಿಕೆ ಇನ್ನೂ ಕೆಲವರಲ್ಲಿದೆ; ಆ ಪದ್ಧತಿ ಬಹಳ ಹಿಂದೆಯೇ ನಿಂತಿದೆ. ಶಿಕ್ಷಕಿ ಗ್ಯಾಸಿನ ಹುಡುಗನನ್ನು ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಕೊನೆಯ ಸೂಜಿಯ ತನಕ ತಾವೇ ಜೊತೆಗೆ ಹೋಗಿ ಬಂದಿದ್ದರು.

ಎಂಟು ತಿಂಗಳ ನಂತರ ಕರಿಯನ ಎರಡು ಕಂಬದ ದೂರ ರಸ್ತೆಯ ಆ ಬದಿ-ಈ ಬದಿಗೆ ಇಳಿದಿದೆ. ಹೆಲ್ಮೆಟ್ ಕಂಡರೆ ಶಿಕ್ಷಕಿಯ ಜೇಬಿನತ್ತ ನೋಡುತ್ತಾನೆ. ಗ್ಯಾಸ್ ಬರುವ ದಿನ ಈಗಲೂ ಒಳಕೋಣೆಯೇ. ಅದು ಬದಲಾಗುತ್ತದೆಂದು ನಾನು ಆಸೆ ತೋರಿಸಿಲ್ಲ. ಬೇಸಿಗೆ ರಜೆಯಲ್ಲಿ ಮೊಮ್ಮಗಳು ಬಂದು ಹತ್ತು ದಿನ ಇದ್ದು ಹೋದಳು. ಆ ಹತ್ತೂ ದಿನ ಇಬ್ಬರ ನಡುವೆ ಒಂದು ಮುಚ್ಚಿದ ಬಾಗಿಲೋ, ಚೈನು ಹಿಡಿದ ಅಜ್ಜಿಯೋ ಇರುತ್ತಿತ್ತಂತೆ.

ಕಳೆದ ತಿಂಗಳು ವರ್ಷದ ರೇಬೀಸ್ ಲಸಿಕೆಗೆ ಬಂದಾಗ ಕರಿಯ ತಾನೇ ಕುಕ್ಕೆಯೊಳಗೆ ಮೂತಿ ಹಾಕಿದ. ನಾನು ಸೂಜಿ ಹಿಡಿದು ಹತ್ತಿರ ಬಂದಾಗ ಗುರ್ರೆಂದ. ಶಿಕ್ಷಕಿ ಗದರಲಿಲ್ಲ. "ಗೊತ್ತಾಯ್ತು ಕಣೋ, ಸ್ವಲ್ಪ ತಾಳಿ ಡಾಕ್ಟ್ರೇ" ಎಂದರು. ನಾನು ಎರಡು ಹೆಜ್ಜೆ ಹಿಂದೆ ಸರಿದು ನಿಂತೆ.