ಮನೆ ಡೊಂಬಿವಲಿ, ಊರು ಕುಂದಾಪುರ

ಥಾಣೆ ಸ್ಟೇಷನ್ನಿನ ಇಂಡಿಕೇಟರ್‌ನಲ್ಲಿ ‘ಕೆ’ ಅಂದರೆ ಕಲ್ಯಾಣ. ಇಷ್ಟನ್ನು ಯಾರು ಬೇಕಾದರೂ ಊಹಿಸಬಹುದು. ಆದರೆ ಕಸಾರಾ ಲೋಕಲ್ಲಿಗೆ ‘ಎನ್’, ಕರ್ಜತ್ ಲೋಕಲ್ಲಿಗೆ ‘ಎಸ್’. ಕಲ್ಯಾಣ ದಾಟಿದ ಮೇಲೆ ಹಳಿ ಈಶಾನ್ಯಕ್ಕೊಂದು, ಆಗ್ನೇಯಕ್ಕೊಂದು ಕವಲೊಡೆಯುತ್ತದೆ. ಇಂಗ್ಲಿಷಿನ ನಾರ್ತ್, ಸೌತ್: ಅಕ್ಷರಗಳ ಗುಟ್ಟು ಅದು. ಡೊಂಬಿವಲಿಗೆ ಹೋಗಬೇಕಾದ ಹೊಸಬ ಈ ಗಾಡಿಗಳನ್ನೆಲ್ಲ ಬಿಟ್ಟು, ಡೊಂಬಿವಲಿಯ ಹೆಸರು ಬರಲಿ ಎಂದು ಕಾಯುತ್ತಾನೆ. ಅವೆಲ್ಲವೂ ಡೊಂಬಿವಲಿಯ ಮೇಲೆಯೇ ಹೋಗುತ್ತವೆ ಎಂದು ತಿಳಿಯಲು ಒಂದು ವಾರ ಬೇಕು.

ಪರದೇಶಕ್ಕೆ ಹೋದವರನ್ನು ‘ಅಲ್ಲಿ ಹೇಗಿದೆ?’ ಎಂದು ಊರೆಲ್ಲ ಕೇಳುತ್ತದೆ. ಹೊರನಾಡಿಗೆ ಬಂದವರನ್ನು ಯಾರೂ ಕೇಳುವುದಿಲ್ಲ. ಪಾಸ್‌ಪೋರ್ಟ್ ಇಲ್ಲ, ನೋಟು ಬದಲಾಗುವುದಿಲ್ಲ. ಬದಲಾಗುವುದು ಉಳಿದದ್ದೆಲ್ಲ.

ಲೋಕಲ್ಲಿನಲ್ಲಿ ಮೂವರು ಕೂರುವ ಸೀಟಿನ ತುದಿಯಲ್ಲಿ ನಾಲ್ಕನೆಯವನೊಬ್ಬ ಇರುತ್ತಾನೆ: ಒಂದು ತೊಡೆ ಹಲಗೆಯ ಮೇಲೆ, ಇನ್ನೊಂದು ಕಾಲು ದಾರಿಯಲ್ಲಿ ಊರಿಕೊಂಡು. ಇದು ‘ಚೌಥಿ ಸೀಟ್’. ಇದನ್ನು ಬಾಯಿಬಿಟ್ಟು ಕೇಳುವ ಪದ್ಧತಿಯಿಲ್ಲ. ಅಂಗೈಯನ್ನು ಸ್ವಲ್ಪ ಅಲ್ಲಾಡಿಸಿದರೆ ಮೂವರೂ ಸರಿಯುತ್ತಾರೆ. ಊರಿನ ಸಂಕೋಚ ಇಟ್ಟುಕೊಂಡವನು ಬೈಖಲಾವರೆಗೂ ನಿಂತೇ ಹೋಗುತ್ತಾನೆ.

ಹೊಸದಾಗಿ ಮದುವೆಯಾಗಿ ಬಂದವಳಿಗೆ ತರಕಾರಿ ಗಾಡಿಯ ಮುಂದೆ ಬೇರೊಂದು ಪಾಠ. ‘ಕಾಯ್ ಪಾಹಿಜೆ (ಏನು ಬೇಕು), ತಾಯಿ?’ ಎಂದು ಗಾಡಿಯವನು ಕೇಳಿದಾಗ ಎದೆ ಧಸಕ್ಕೆನ್ನುತ್ತದೆ. ತನಗಿಂತ ಹಿರಿಯನೊಬ್ಬ ತನ್ನನ್ನು ಅಮ್ಮ ಎನ್ನುವುದೇ? ಮರಾಠಿಯ ತಾಯಿ ಅಕ್ಕ ಎಂದು ಯಾರೋ ಬಿಡಿಸಿ ಹೇಳಬೇಕು. ಅವಳ ಗಂಡನಂತೂ ಮುಂಬಯಿಗೆ ಕಾಲಿಟ್ಟ ದಿನವೇ ಎಲ್ಲರಿಗೂ ‘ಅಣ್ಣಾ’ ಆಗಿದ್ದಾನೆ.

ಗಡಿ ಸರಿದ ಕತೆ

ಎಲ್ಲ ಕನ್ನಡಿಗರಿಗೂ ಈ ನಾಡು ಮೊದಲಿನಿಂದ ಹೊರನಾಡಾಗಿರಲಿಲ್ಲ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದವರಿಗೆ 1956ರ ಅಕ್ಟೋಬರ್ 31ರವರೆಗೆ ಮುಂಬಯಿ ಸ್ವಂತ ರಾಜಧಾನಿ. ರಾಜ್ಯಗಳ ಪುನರ್ವಿಂಗಡಣೆಯಾಗಿ, ನವೆಂಬರ್ 1ರ ಬೆಳಿಗ್ಗೆ ಇಲ್ಲಿದ್ದ ಧಾರವಾಡದವರು ಕೂತಲ್ಲೇ ಹೊರನಾಡಿಗರಾದರು. ಅವರು ಕದಲಲಿಲ್ಲ, ಗಡಿ ಕದಲಿತು. ಉಡುಪಿ, ಕುಂದಾಪುರದವರು ಅದಕ್ಕೆ ಮೊದಲು ಮದ್ರಾಸಿನ ಆಡಳಿತದಲ್ಲಿದ್ದವರು. ‘ಹೌದ್ರೀ’ ಎನ್ನುವವರೂ ‘ಹೌದು ಮಾರಾಯ್ರೆ’ ಎನ್ನುವವರೂ ಒಂದೇ ಜಗಲಿಗೆ ಬಂದದ್ದು ಎಷ್ಟೋ ಸಲ ಇಲ್ಲಿನ ಕಟ್ಟಡಗಳ ಮೆಟ್ಟಿಲಲ್ಲೇ.

ಕರಾವಳಿಯ ಹುಡುಗರು ಫೋರ್ಟ್, ಮಾಟುಂಗದ ಹೋಟೆಲುಗಳಲ್ಲಿ ದುಡಿದು, ಅಲ್ಲೇ ಮಲಗಿ, ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತರು. ಮದುವೆಯಾಗುವವರೆಗೆ ಮನೆಯ ಮಾತು ಬರಲಿಲ್ಲ. ಬಂದಾಗ ಬಾಡಿಗೆ ಕೈಗೆಟುಕುವಲ್ಲಿಗೆ ಹಳಿ ಹಿಡಿದು ಹೊರಟರು. ಆ ಹಳಿ ಹಳೆಯದು: ಬೋರಿ ಬಂದರದಿಂದ ಥಾಣೆಗೆ ದೇಶದ ಮೊದಲ ಪ್ರಯಾಣಿಕ ರೈಲು ಓಡಿದ್ದು 1853ರ ಏಪ್ರಿಲ್ 16ರಂದು, ಮರುವರ್ಷ ಅದು ಕಲ್ಯಾಣ ಮುಟ್ಟಿತು. ಒಂದೊಂದು ಸ್ಟೇಷನ್ ದಾಟಿದಂತೆ ಬಾಡಿಗೆ ಇಳಿಯಿತು, ಪ್ರಯಾಣ ಬೆಳೆಯಿತು. ಡೊಂಬಿವಲಿಯಲ್ಲಿ ಕನ್ನಡಿಗರು ಕರ್ನಾಟಕ ಸಂಘ ಕಟ್ಟಿದರು. ಸಂಘ ಮಂಜುನಾಥ ವಿದ್ಯಾಲಯ ನಡೆಸಿತು.

ನವಿಮುಂಬಯಿಯ ಅಪರಿಚಿತತೆ ಬೇರೆ ಥರದ್ದು. 1970ರಲ್ಲಿ ಹುಟ್ಟಿದ ಸರಕಾರಿ ನಿಗಮ ಸಿಡ್ಕೊ ನಕ್ಷೆ ಬರೆದು ಕಟ್ಟಿಸಿದ ನಗರ ಇದು; ಖಾಡಿ ದಾಟಿ ವಾಶಿಗೆ ಲೋಕಲ್ ಬಂದದ್ದು 1992ರಲ್ಲಿ. ಇಲ್ಲಿ ವಿಳಾಸವೆಂದರೆ ಸೆಕ್ಟರ್, ಪ್ಲಾಟ್ ನಂಬರು. ‘ಬಸದಿ ಪಕ್ಕದ ಮನೆ’, ‘ಕೆರೆದಂಡೆಯವರು’ ಎಂದು ಗುರುತು ಹೇಳಿ ಅಭ್ಯಾಸವಾದವರಿಗೆ ತಮ್ಮ ಮನೆಯ ನಂಬರು ಬಾಯಿಗೆ ಬರಲು ತಿಂಗಳು ಹಿಡಿಯುತ್ತದೆ.

ಯುಗಾದಿಯ ಬೆಳಿಗ್ಗೆ

ಹೊಸಬರಿಗೆ ಮೊದಲ ಸಲ ನಿರಾಳವೆನಿಸುವುದು ಬಹುಶಃ ಯುಗಾದಿಯಂದು. ಅಂದೇ ಮರಾಠಿಗರ ಗುಡಿಪಾಡ್ವಾ. 1999ರಿಂದ ಡೊಂಬಿವಲಿಯಲ್ಲಿ ಆ ಬೆಳಿಗ್ಗೆ ಹೊಸವರ್ಷದ ಶೋಭಾಯಾತ್ರೆ ಹೊರಡುತ್ತದೆ; ಫಡಕೆ ರಸ್ತೆ ತುಂಬ ನೌವಾರಿ ಸೀರೆ, ಢೋಲ್ ತಾಶಾ. ಎದುರುಮನೆಯವರೂ ಗುಡಿ ಏರಿಸಿ ಬೇವಿನೆಲೆ ಬಾಯಿಗಿಡುತ್ತಾರೆ. ಇವರು ಹೋಳಿಗೆ ಕೊಟ್ಟರೆ ಅವರು ‘ಪುರಣಪೋಳಿ’ ಎಂದು ತೆಗೆದುಕೊಂಡು, ಖಾಲಿ ಡಬ್ಬಿಗೆ ಶ್ರೀಖಂಡ ತುಂಬಿ ಕಳಿಸುತ್ತಾರೆ.

1998ರ ಜನವರಿ 26ರಂದು ಕೊಂಕಣ ರೈಲು ಪೂರ್ತಿ ತೆರೆದ ಮೇಲೆ ಕರಾವಳಿ ಒಂದು ರಾತ್ರಿಯಷ್ಟು ಹತ್ತಿರವಾಯಿತು. ಅದಕ್ಕೆ ಮೊದಲು ಇದ್ದದ್ದು ಒಂದು ಕಾಲಕ್ಕೆ ಹಡಗು, ನಂತರ ಘಟ್ಟ ಸುತ್ತುವ ಬಸ್ಸು. ಮೇ ತಿಂಗಳಲ್ಲಿ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹತ್ತಿ ಕುಂದಾಪುರದಲ್ಲಿ ಇಳಿಯುವ ಮಗು ಹುಟ್ಟಿದ್ದು ಡೊಂಬಿವಲಿಯಲ್ಲೇ, ಆದರೂ ‘ಊರಿಗೆ ಬಂದೆವು’ ಎನ್ನುತ್ತದೆ. ರಜೆ ಮುಗಿಸಿ ಮರಳುವಾಗ, ಬೆಳಗಿನ ಜಾವ ಪನವೇಲ್ ದಾಟುತ್ತಿದ್ದಂತೆ ಬೋಗಿಯಲ್ಲಿ ಹೊದಿಕೆ ಮಡಚುವ ಸದ್ದು. ಹಲಸಿನ ಹಪ್ಪಳ, ಕುಚ್ಚಲಕ್ಕಿಯ ಗಂಟು ಸೀಟಿನಡಿಯಿಂದ ಹೊರಬರುತ್ತದೆ. ಥಾಣೆಯಲ್ಲಿ ಇಳಿದು ಇಂಡಿಕೇಟರ್ ನೋಡುತ್ತಾರೆ. ‘ಎಸ್’ ಬಂದಿದೆ. ‘ಹತ್ತಿ, ಹತ್ತಿ, ಅರ್ಧ ಗಂಟೆಯಲ್ಲಿ ಮನೆ’ ಎನ್ನುತ್ತಾಳೆ ತಾಯಿ.