ನಿಮಗಿದು ಗೊತ್ತೆ? ಬಣ್ಣ ಹೋದರೆ ಬಲವೂ ಹೋಯಿತು!

ಕೊಲೆಸ್ಟರಾಲ್ ಇಳಿಸಲೆಂದು ರೂಪಿಸಿದ್ದ ಔಷಧವೊಂದು ಬ್ಯಾಕ್ಟೀರಿಯಾದ ಬಂಗಾರದ ಬಣ್ಣವನ್ನೇ ಅಳಿಸಿಹಾಕಿತು! ಬಣ್ಣ ಹೋದದ್ದೇ ತಡ, ಅದರ ಬಲವೂ ಉಡುಗಿತು.

ಆ ಬ್ಯಾಕ್ಟೀರಿಯಾ ಸ್ಟ್ಯಾಫಿಲೋಕಾಕಸ್ ಆರಿಯಸ್. ಕೀವುಗುಳ್ಳೆಯಿಂದ ಹಿಡಿದು ಪ್ರಾಣ ತೆಗೆಯುವ ರಕ್ತದ ನಂಜಿನವರೆಗೆ ಇದರ ಕಾಟ. ‘ಆರಿಯಸ್’ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಬಂಗಾರದ ಬಣ್ಣದ್ದು. ಕ್ಯಾರೆಟ್‌ಗೆ ಬಣ್ಣ ಕೊಡುವ ವಸ್ತುವಿನ ಬಳಗಕ್ಕೇ ಈ ಬಂಗಾರದ ಬಣ್ಣವೂ ಸೇರಿದೆ. ಬರೀ ಅಲಂಕಾರವಲ್ಲ, ಇದು ಗುರಾಣಿ. ನಮ್ಮ ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾವನ್ನು ಸುಡಲು ಪೆರಾಕ್ಸೈಡ್‌ನಂಥ ರಾಸಾಯನಿಕಗಳನ್ನು ಚೆಲ್ಲುತ್ತವೆ. ಆ ಏಟನ್ನು ಈ ಬಣ್ಣ ತಡೆದುಕೊಳ್ಳುತ್ತದೆ.

ಸೋಜಿಗ ಇರುವುದು ಇಲ್ಲಿ. ನಮ್ಮ ದೇಹದಲ್ಲಿ ಕೊಲೆಸ್ಟರಾಲ್ ತಯಾರಾಗುವ ಹಾದಿಯ ಒಂದು ಹಂತಕ್ಕೂ ಈ ಬಣ್ಣ ತಯಾರಾಗುವ ಮೊದಲ ಹಂತಕ್ಕೂ ಹತ್ತಿರದ ಹೋಲಿಕೆ. ಅಲ್ಲಿ ಕೆಲಸ ಮಾಡುವ ಕಿಣ್ವಗಳೂ ದಾಯಾದಿಗಳಂತಿವೆ. ಹಾಗಾಗಿ ಒಂದಕ್ಕೆ ಮಾಡಿದ ಬೀಗ ಇನ್ನೊಂದಕ್ಕೂ ಸರಿಹೊಂದಿತು. 2008ರಲ್ಲಿ ಅಮೆರಿಕ ಮತ್ತು ತೈವಾನ್‌ನ ವಿಜ್ಞಾನಿಗಳು ಬಿಪಿಎಚ್–652 ಎಂಬ ಔಷಧ ಬಳಸಿ ಇದನ್ನು ತೋರಿಸಿಕೊಟ್ಟರು. ಬ್ಯಾಕ್ಟೀರಿಯಾ ಬೆಳ್ಳಗಾಯಿತು. ಔಷಧ ಪಡೆದ ಇಲಿಗಳಲ್ಲಿ ಉಳಿದ ಬ್ಯಾಕ್ಟೀರಿಯಾಗಳ ಸಂಖ್ಯೆ ಸರಾಸರಿ ಶೇ 98ರಷ್ಟು ಕುಸಿಯಿತು.

ಔಷಧ ನೇರವಾಗಿ ಬ್ಯಾಕ್ಟೀರಿಯಾವನ್ನು ಕೊಲ್ಲಲಿಲ್ಲ. ಗುರಾಣಿಯನ್ನಷ್ಟೇ ಕಿತ್ತುಕೊಂಡಿತು. ಉಳಿದ ಕೆಲಸ ಬಿಳಿ ರಕ್ತಕಣಗಳದ್ದು. ಎಷ್ಟು ಜಾಣ ಉಪಾಯ!

ನೆನಪಿಡಿ, ಈ ಔಷಧ ಮನೆಯ ಹಿರಿಯರು ಕೊಲೆಸ್ಟರಾಲ್ ಇಳಿಸಲು ನುಂಗುವ ಸ್ಟ್ಯಾಟಿನ್ ಮಾತ್ರೆಯಲ್ಲ. ಕೀವು, ಜ್ವರ ಕಾಣಿಸಿಕೊಂಡರೆ ತಡಮಾಡದೆ ವೈದ್ಯರ ಬಳಿ ಹೋಗಿ.