ಸುಳ್ಳು ಹೇಳುವ ಮುಳ್ಳು

ಯಂತ್ರವೊಂದು ಪೂರ್ಣವಾಗಿ ಕೆಟ್ಟು ನಿಂತರೆ ಅದನ್ನು ಸರಿಪಡಿಸುವುದು ಅಷ್ಟೇನೂ ಕಷ್ಟವಲ್ಲ. ಕೆಟ್ಟ ಭಾಗ ಎಲ್ಲಿಯೋ ಇದ್ದೇ ಇರುತ್ತದೆ, ಹುಡುಕಿದರೆ ಸಿಕ್ಕುತ್ತದೆ. ಆದರೆ ಬೆಳಿಗ್ಗೆ ಕಾಣಿಸಿಕೊಂಡು, ಮಧ್ಯಾಹ್ನ ತಾನಾಗಿಯೇ ಮರೆಯಾಗಿ, ಮೆಕ್ಯಾನಿಕ್ಕಿನ ಮುಂದೆ ಸಾಧುವಿನಂತೆ ಅಡಗಿ ಕುಳಿತು, ಮನೆಗೆ ಮರಳಿದೊಡನೆ ಮತ್ತೆ ಹಳೆಯ ಚಾಳಿಗೆ ತೊಡಗುವ ದೋಷವು ಎಂಥ ತಾಳ್ಮೆಯವರನ್ನೂ ಸೋಲಿಸುತ್ತದೆ. ಹಳೆಯ ಕಾರುಗಳ ವಿದ್ಯುತ್ ವ್ಯವಸ್ಥೆಯಲ್ಲಿ ತಲೆದೋರುವ ದೋಷಗಳಲ್ಲಿ ಅನೇಕವು ಈ ಜಾತಿಗೆ ಸೇರಿದವು.

ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿಕೊಂಡು ಹೆಸರಾದ ಬೆಂಗಳೂರಿನ ಬಿಟಿಎಂ ಬಡಾವಣೆಯಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರು ನನ್ನ ನೆರೆಯವರು. ಅವರ ಬಳಿ ೧೯೯೬ರಲ್ಲಿ ಕೊಂಡ ಮಾರುತಿ ೮೦೦ ಕಾರು ಇದೆ. ಅದರ ಪೆಟ್ರೋಲ್ ಮಾಪಕದ ಮುಳ್ಳಿಗೆ ಒಂದು ವಿಚಿತ್ರ ರೋಗ ಹಿಡಿದಿತ್ತು. ಕಾರು ಓಡುತ್ತಿರುವಾಗ ಅರ್ಧ ಟ್ಯಾಂಕು ತೋರಿಸುತ್ತಿದ್ದ ಮುಳ್ಳು, ಸಿಲ್ಕ್ ಬೋರ್ಡಿನ ವಾಹನಸಂದಣಿಯಲ್ಲಿ ಸಿಕ್ಕಿಕೊಂಡಾಗ ಮೆಲ್ಲನೆ ಇಳಿದು ಕಾಲು ಟ್ಯಾಂಕಿಗೆ ಬರುವುದು. ದಾರಿ ತೆರವಾಗಿ ಕಾರು ಓಡತೊಡಗಿದರೆ ಮತ್ತೆ ಮೇಲೇರುವುದು. ಗ್ಯಾರೇಜೊಂದರಲ್ಲಿ ಮಾಪಕವನ್ನು ಬದಲಾಯಿಸಿದರು. ಮುಳ್ಳು ಬುದ್ಧಿ ಕಲಿಯಲಿಲ್ಲ. ಇನ್ನೊಂದರಲ್ಲಿ ಟ್ಯಾಂಕಿನೊಳಗಿನ ಫ್ಲೋಟನ್ನು ಬದಲಾಯಿಸಿದರು. ಆಗಲೂ ಅದೇ ಕಥೆ. ಕೊನೆಗೆ ಮೇಷ್ಟ್ರು, “ಅದು ಹಾಗೆಯೇ, ಇಳಿಯುತ್ತದೆ, ಏರುತ್ತದೆ” ಎಂದು ಅದರ ಕಡೆ ನೋಡುವುದನ್ನೇ ಬಿಟ್ಟರು.

ಅಕ್ಟೋಬರಿನ ಒಂದು ಮಳೆಯ ರಾತ್ರಿ ಅವರ ಪತ್ನಿಗೆ ಉಸಿರಾಟದ ತೊಂದರೆಯಾಯಿತು. ಅವರನ್ನು ಕೂರಿಸಿಕೊಂಡು ಬನ್ನೇರುಘಟ್ಟ ರಸ್ತೆಯ ಆಸ್ಪತ್ರೆಗೆ ಹೊರಟಾಗ ಮುಳ್ಳು ತಳದಲ್ಲಿತ್ತು. ಎಂದಿನ ಸುಳ್ಳೆಂದು ಅವರು ಗಣನೆಗೆ ತರಲಿಲ್ಲ. ಈ ಸಲ ಅದು ನಿಜವನ್ನೇ ಹೇಳಿತ್ತು. ಹೊರವರ್ತುಲ ರಸ್ತೆಯ ನಡುವೆ ಪೆಟ್ರೋಲ್ ಮುಗಿದು ಕಾರು ನಿಂತಿತು. ದಾರಿಯಲ್ಲಿ ಸಿಕ್ಕ ಆಟೋರಿಕ್ಷಾದವರ ಕೃಪೆಯಿಂದ ಆಸ್ಪತ್ರೆಯನ್ನು ತಲುಪಿದರು, ಆಕೆ ಗುಣಮುಖರಾದರು. ಆದರೆ ಆ ರಾತ್ರಿ ಮೇಷ್ಟ್ರು ಕಲಿತ ಪಾಠವು ಎಲ್ಲ ಕಾರುಗಳ ಯಜಮಾನರಿಗೂ ಅನ್ವಯಿಸುವಂಥದು: ಪೂರ್ತಿ ಸತ್ತ ಮಾಪಕಕ್ಕಿಂತ ಆಗಾಗ ಸುಳ್ಳು ಹೇಳುವ ಮಾಪಕವೇ ಹೆಚ್ಚು ಅಪಾಯಕಾರಿ.

ಮುಳ್ಳನ್ನು ಆಡಿಸುವವರಾರು?

ಹಳೆಯ ಕಾರುಗಳ ಪೆಟ್ರೋಲ್ ಮಾಪಕವು ತೀರ ಸರಳವಾದ ಸಾಧನ. ಟ್ಯಾಂಕಿನಲ್ಲಿ ಒಂದು ತೇಲುಗುಂಡು ಪೆಟ್ರೋಲಿನ ಮಟ್ಟದೊಡನೆ ಏರಿ ಇಳಿಯುತ್ತದೆ. ಅದಕ್ಕೆ ಸೇರಿದ ಲೋಹದ ನಾಲಿಗೆಯೊಂದು ಪ್ರತಿರೋಧದ ತಂತಿಸುರುಳಿಯ ಮೇಲೆ ಜಾರುತ್ತದೆ. ಕಾರಿನಿಂದ ಕಾರಿಗೆ ಅಳತೆ ಬೇರೆಯಾದರೂ, ಅನೇಕ ಕಾರುಗಳಲ್ಲಿ ಟ್ಯಾಂಕು ತುಂಬಿದಾಗ ಈ ಪ್ರತಿರೋಧವು ಕೆಲವೇ ಓಮ್‌ಗಳು. ಬರಿದಾದಾಗ ನೂರು ಓಮ್‌ಗಳ ಆಸುಪಾಸು. ಪ್ರತಿರೋಧ ತಗ್ಗಿದಷ್ಟೂ ಪ್ರವಾಹ ಹೆಚ್ಚುವುದೆಂದು ೧೮೨೭ರಲ್ಲಿಯೇ ಜರ್ಮನಿಯ ಓಮ್ ಮಹಾಶಯನು ತನ್ನ ಗ್ರಂಥದಲ್ಲಿ ವಿವರಿಸಿದ್ದನು. ಆ ಪ್ರವಾಹವು ಮಾಪಕದೊಳಗಿನ ದ್ವಿಲೋಹದ ಪಟ್ಟಿಯನ್ನು ಬಿಸಿಮಾಡಿ ಬಾಗಿಸುತ್ತದೆ. ಪಟ್ಟಿ ಬಾಗಿದಂತೆ ಮುಳ್ಳು ಏರುತ್ತದೆ. ಬಿಸಿಯಾಗಲು ಹೊತ್ತು ಬೇಕಾದುದರಿಂದಲೇ ಕೀಲಿ ತಿರುಗಿಸಿದೊಡನೆ ಮುಳ್ಳು ನೆಗೆಯದೆ ನಿಧಾನವಾಗಿ ಏಳುತ್ತದೆ. ಬೇರೆ ಕೆಲವು ಕಾರುಗಳಲ್ಲಿ ಪಟ್ಟಿಯ ಬದಲು ಎರಡು ಸುರುಳಿಗಳ ಕಾಂತಬಲವು ಮುಳ್ಳನ್ನು ಎಳೆಯುತ್ತದೆ.

ಇಲ್ಲಿ ವಾಚಕರು ಒಂದು ಸಂಗತಿಯನ್ನು ಮನಸ್ಸಿನಲ್ಲಿಡಬೇಕು. ಮನೆಯಲ್ಲಿ ದೀಪಕ್ಕೆ ಹೋಗಲೊಂದು, ಬರಲೊಂದು, ಹೀಗೆ ಎರಡು ತಂತಿಗಳಿರುತ್ತವೆ. ಕಾರಿನಲ್ಲಾದರೋ ಹೋಗಲು ಮಾತ್ರ ತಂತಿ. ಮರಳುವ ದಾರಿ ಕಾರಿನ ಉಕ್ಕಿನ ದೇಹವೇ. ದೀಪ, ಮಾಪಕ ಎಲ್ಲದರ ಪ್ರವಾಹವೂ ಒಂದೊಂದು ಸ್ಕ್ರೂವಿನ ಮೂಲಕ ಆ ದೇಹವನ್ನು ಸೇರಿ ಬ್ಯಾಟರಿಗೆ ಮರಳುತ್ತದೆ. ಇದಕ್ಕೆ ಮೆಕ್ಯಾನಿಕ್ಕುಗಳು ‘ಅರ್ತ್’ ಎನ್ನುತ್ತಾರೆ. ಮಳೆನೀರು, ಧೂಳು, ವರ್ಷಗಳ ಅಲುಗಾಟಗಳಿಂದ ಆ ಸ್ಕ್ರೂವಿನ ಅಡಿಯಲ್ಲಿ ತುಕ್ಕೋ ಕಿಲುಬೋ ಹಿಡಿದರೆ ಮರಳುವ ದಾರಿ ಕಿರಿದಾಗುತ್ತದೆ. ಹಳೆಯ ಕಾರುಗಳ ವಿಚಿತ್ರ ಕಾಯಿಲೆಗಳ ಬೇರನ್ನು ಮೊದಲು ಹುಡುಕಬೇಕಾದದ್ದು ಇಂಥ ಕೀಲುಗಳಲ್ಲಿ. ಬೆಲೆಬಾಳುವ ಬಿಡಿಭಾಗಗಳಲ್ಲಿ ಅಲ್ಲ.

ಹನ್ನೆರಡು ವೋಲ್ಟಿನ ಮೋಸ

ಹಾಗಾದರೆ ಮೀಟರು ಹಿಡಿದು ನೋಡಿದರೆ ತಿಳಿಯದೆ? ತಿಳಿಯದಿರುವುದೂ ಉಂಟು. ಮಾಳಿಗೆಯ ತೊಟ್ಟಿಯಿಂದ ಇಳಿದ ಕೊಳಾಯಿಯಲ್ಲಿ ಕಸ ಕಟ್ಟಿಕೊಂಡಿದೆಯೆನ್ನಿ. ನಲ್ಲಿಯನ್ನು ಮುಚ್ಚಿಟ್ಟು ಒತ್ತಡವನ್ನು ಅಳೆದರೆ ಪೂರ್ಣ ಒತ್ತಡವೇ ಕಾಣುತ್ತದೆ. ನಲ್ಲಿಯನ್ನು ತಿರುಗಿಸಿದಾಗ ಮಾತ್ರ ನೀರು ತೊಟ್ಟಿಕ್ಕುತ್ತದೆ. ವಿದ್ಯುತ್ತಿನ ವಿಷಯವೂ ಹೀಗೆಯೇ. ಪ್ರವಾಹ ಹರಿಯದಿರುವಾಗ ಕಿಲುಬು ಹಿಡಿದ ಕೀಲಿನಾಚೆಗೂ ೧೨ ವೋಲ್ಟ್ ಕಾಣುತ್ತದೆ. ಮೆಕ್ಯಾನಿಕ್ಕನು ‘ಕರೆಂಟು ಬರುತ್ತಿದೆ’ ಎಂದು ಮುಂದಕ್ಕೆ ಹೋಗುತ್ತಾನೆ. ಆದುದರಿಂದ ಕೀಲನ್ನು ಪರೀಕ್ಷಿಸುವಾಗ ದೀಪವೋ ಮೋಟಾರೋ ಕೆಲಸಮಾಡುತ್ತಿರಬೇಕು. ಆಗ ಮೀಟರಿನ ಒಂದು ಮೊನೆಯನ್ನು ಕೀಲಿನ ಈಚೆಗೂ ಇನ್ನೊಂದನ್ನು ಆಚೆಗೂ ಇಟ್ಟರೆ, ಅಲ್ಲಿ ಸೋರಿಹೋಗುವ ವೋಲ್ಟುಗಳು ಸ್ಪಷ್ಟವಾಗಿ ಕಾಣುತ್ತವೆ. ಒಳ್ಳೆಯ ಕೀಲಿನಲ್ಲಿ ಅದು ವೋಲ್ಟಿನ ಹತ್ತನೆಯ ಒಂದು ಭಾಗವನ್ನೂ ಮೀರಬಾರದು.

ದೋಷವನ್ನು ಹಿಡಿದ ಬಗೆ

ಮೇಷ್ಟ್ರಿಗೆ ನಾನು ಮೊದಲು ಹೇಳಿದ್ದು ಸ್ಪ್ಯಾನರ್ ಹಿಡಿಯಲು ಅಲ್ಲ, ನೋಟುಪುಸ್ತಕ ಹಿಡಿಯಲು. ಬಂದು ಹೋಗುವ ದೋಷವು ಕಾರಣವಿಲ್ಲದೆ ಬರುವುದಿಲ್ಲ. ಬಿಸಿ, ಅಲುಗಾಟ, ತೇವ, ಇಲ್ಲವೆ ಇನ್ನೊಂದು ಉಪಕರಣದ ಬಳಕೆ, ಈ ನಾಲ್ಕರಲ್ಲಿ ಒಂದರ ಬೆನ್ನು ಹಿಡಿದು ಬರುತ್ತದೆ. ಒಂದು ವಾರ ಅವರು ಮುಳ್ಳು ಇಳಿದಾಗಲೆಲ್ಲ ಹೊತ್ತು, ಮಳೆ, ರಸ್ತೆ, ಉರಿಯುತ್ತಿದ್ದ ದೀಪ ಎಲ್ಲವನ್ನೂ ಬರೆದರು. ಸಿಗ್ನಲ್ಲಿನಲ್ಲಿ ಇಳಿಯುವುದು ಪೆಟ್ರೋಲ್ ತುಳುಕುವುದರಿಂದ ಎಂದು ಎಲ್ಲರೂ ನಂಬಿದ್ದರು. ಆದರೆ ತುಳುಕಾಟವು ಕಾರು ನಿಂತ ಸ್ವಲ್ಪ ಹೊತ್ತಿಗೆಲ್ಲ ತಣ್ಣಗಾಗಬೇಕು. ಇಲ್ಲಿ ನಿಂತಷ್ಟು ಹೊತ್ತೂ ಮುಳ್ಳು ಕೆಳಗೇ ಇರುತ್ತಿತ್ತು. ಪುಸ್ತಕವನ್ನು ಓದಿದಾಗ ಹೊಳೆದದ್ದಿಷ್ಟು: ಸಿಗ್ನಲ್ಲಿನಲ್ಲಿ ಮೇಷ್ಟ್ರ ಕಾಲು ಬ್ರೇಕಿನ ಮೇಲಿರುತ್ತಿತ್ತು!

ಮನೆಯ ಮುಂದೆ ಕಾರು ನಿಲ್ಲಿಸಿ, ಕೀಲಿ ತಿರುಗಿಸಿ, ಬ್ರೇಕು ಒತ್ತಲು ಹೇಳಿದೆ. ಕಾರು ಕದಲದಿದ್ದರೂ ಮುಳ್ಳು ಇಳಿಯಿತು. ಡಿಕ್ಕಿಯ ಒಳಗೆ ನೋಡಿದರೆ, ಹಿಂದಿನ ದೀಪಗಳಿಗೂ ಟ್ಯಾಂಕಿನ ಫ್ಲೋಟಿಗೂ ಅರ್ತ್ ಆಗಿ ಇದ್ದದ್ದು ತುಕ್ಕು ಹಿಡಿದ ಒಂದೇ ಸ್ಕ್ರೂ. ತಂತಿಯ ತುದಿಗೂ ಅದರಿಂದ ಒಂದಂಗುಲ ದೂರದ ಬರಿಯ ಲೋಹಕ್ಕೂ ಮೀಟರಿಟ್ಟೆವು. ಬ್ರೇಕು ಬಿಟ್ಟಾಗ ಹೆಚ್ಚುಕಡಿಮೆ ಸೊನ್ನೆ; ಒತ್ತಿದಾಗ ಸುಮಾರು ೧.೪ ವೋಲ್ಟ್!

ಲೆಕ್ಕ ನೋಡಿ. ಬ್ರೇಕಿನ ಎರಡು ದೀಪಗಳು ತಲಾ ೨೧ ವ್ಯಾಟಿನವು. ೧೨ ವೋಲ್ಟಿನಲ್ಲಿ ಎರಡಕ್ಕೂ ಸೇರಿ ಸುಮಾರು ೩.೫ ಆಂಪಿಯರ್ ಬೇಕು. ಆ ಪ್ರವಾಹಕ್ಕೆ ೧.೪ ವೋಲ್ಟ್ ನಷ್ಟವೆಂದರೆ ಸ್ಕ್ರೂವಿನಲ್ಲಿ ಸುಮಾರು ೦.೪ ಓಮ್ ಪ್ರತಿರೋಧ. ಮಾಪಕದ ಅಲ್ಪ ಪ್ರವಾಹಕ್ಕೆ ಇದು ಲೆಕ್ಕಕ್ಕೇ ಇಲ್ಲ. ಹಾಗಾಗಿ ದೀಪ ಆರಿದ್ದಾಗ ಮುಳ್ಳು ಸತ್ಯವನ್ನೇ ನುಡಿಯುತ್ತಿತ್ತು. ದೀಪದ ದೊಡ್ಡ ಪ್ರವಾಹವು ಅದೇ ಕಿರುದಾರಿಯಲ್ಲಿ ನುಗ್ಗಿದಾಗ ಮಾತ್ರ ಮಾಪಕದ ಪಾಲಿನ ವೋಲ್ಟೇಜು ಕುಗ್ಗಿ ಮುಳ್ಳು ಇಳಿಯುತ್ತಿತ್ತು. ಬದಲಾಯಿಸಿದ ಮಾಪಕವೂ ನಿರ್ದೋಷಿ, ಫ್ಲೋಟೂ ನಿರ್ದೋಷಿ. ಬ್ಯಾಟರಿಯ ತಂತಿಯನ್ನು ಕಳಚಿ, ಸ್ಕ್ರೂ ಬಿಚ್ಚಿ, ಲೋಹ ಹೊಳೆಯುವವರೆಗೆ ಮರಳುಕಾಗದದಿಂದ ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿದೆವು. ರೋಗವು ವಾಸಿಯಾಯಿತು.

ನೀವೇ ಪರೀಕ್ಷಿಸುವುದಾದರೆ

ಮುಳ್ಳು ಅಲುಗಾಡದೆ ಒಂದೇ ಕಡೆ ನಿಂತಿದ್ದರೆ, ಕೀಲಿ ಮುಚ್ಚಿ, ಫ್ಲೋಟಿನಿಂದ ಮಾಪಕಕ್ಕೆ ಹೋಗುವ ತಂತಿಯನ್ನು ಕಳಚಿ, ಕೀಲಿ ತಿರುಗಿಸಿ ನೋಡಿರಿ. ಅನಂತರ ಕೀಲಿ ಮುಚ್ಚಿ, ಆ ತಂತಿಯನ್ನು ಕಾರಿನ ದೇಹಕ್ಕೆ ಮುಟ್ಟಿಸಿಟ್ಟು, ಕೆಲವೇ ಕ್ಷಣ ಕೀಲಿ ತಿರುಗಿಸಿರಿ. ಒಂದು ಸಲ ಮುಳ್ಳು ಒಂದು ತುದಿಗೂ, ಇನ್ನೊಂದು ಸಲ ಎದುರು ತುದಿಗೂ ಹೋಗಬೇಕು. ಯಾವುದಕ್ಕೆ ಯಾವ ತುದಿ ಎಂಬುದು ಕಾರಿನಿಂದ ಕಾರಿಗೆ ಬೇರೆ. ಎರಡಕ್ಕೂ ಹೋದರೆ ಮಾಪಕವೂ ತಂತಿಯೂ ಸರಿಯಾಗಿವೆ. ದೋಷ ಫ್ಲೋಟಿನಲ್ಲಿ ಅಥವಾ ಅದರ ಅರ್ತ್‌ನಲ್ಲಿ. ಮಾಪಕಕ್ಕೆಂದೇ ವೋಲ್ಟೇಜನ್ನು ತಗ್ಗಿಸುವ ನಿಯಂತ್ರಕವಿರುವ ಕಾರುಗಳಲ್ಲಿ ಪೆಟ್ರೋಲಿನ ಮುಳ್ಳೂ ಶಾಖದ ಮುಳ್ಳೂ ಜೊತೆಯಾಗಿ ತಪ್ಪು ತೋರಿದರೆ ಆ ನಿಯಂತ್ರಕವನ್ನು ಸಂಶಯಿಸಿರಿ. ಪೆಟ್ರೋಲಿನ ಆವಿ ಇರುವಲ್ಲಿ ಕಿಡಿ ಹಾರಿಸಬಾರದು. ಟ್ಯಾಂಕನ್ನು ತೆರೆಯುವ ಕೆಲಸವನ್ನು ಬಲ್ಲವರಿಗೇ ಬಿಡಿರಿ.

ಫ್ಲೋಟೇ ಕೆಡುವುದೂ ಉಂಟು. ೨೦೦೪ರಲ್ಲಿ ಅಮೆರಿಕದ ದಕ್ಷಿಣದ ಕೆಲವು ಕಡೆ ಪೆಟ್ರೋಲಿನಲ್ಲಿ ಗಂಧಕದ ಅಂಶ ಹೆಚ್ಚಾಗಿ, ಅನೇಕ ಕಾರುಗಳ ಫ್ಲೋಟಿನ ಬೆಳ್ಳಿಯ ಸಂಪರ್ಕಗಳು ಕಪ್ಪಾಗಿ, ಮಾಪಕಗಳು ಸುಳ್ಳು ಹೇಳಿದ್ದವು.

ಇನ್ನು ಫ್ಯೂಸು ಆಗಾಗ ಸುಡುತ್ತಿದ್ದರೆ ಎಲ್ಲಿಯೋ ತಂತಿಯ ಹೊದಿಕೆ ಸವೆದು ದೇಹಕ್ಕೆ ತಾಗುತ್ತಿದೆಯೆಂದರ್ಥ. ಬೀದಿಯಲ್ಲಿ ನಿಲ್ಲುವ ಕಾರುಗಳ ತಂತಿಗಳನ್ನು ಇಲಿಗಳು ಕಡಿಯುವುದು ನಮ್ಮ ಬಡಾವಣೆಗಳಲ್ಲಿ ಹೊಸತೇನಲ್ಲ. ಆಗ ದಪ್ಪ ಫ್ಯೂಸನ್ನೋ ತಗಡಿನ ಕಾಗದವನ್ನೋ ಸಿಕ್ಕಿಸುವುದೆಂದರೆ ಕಾರಿಗೆ ಬೆಂಕಿಯಿಟ್ಟಂತೆಯೇ ಸರಿ. ಬದಲಾಗಿ ಫ್ಯೂಸಿನ ಸ್ಥಾನದಲ್ಲಿ ೨೧ ವ್ಯಾಟಿನ ಬಲ್ಬೊಂದನ್ನು ಜೋಡಿಸಿ, ತಂತಿಯ ಕಂತೆಯನ್ನು ಅಲ್ಲಲ್ಲಿ ಅಲುಗಿಸುತ್ತ ಹೋಗಿರಿ. ತಂತಿಯು ದೇಹಕ್ಕೆ ತಾಗಿದ ಕ್ಷಣವೇ ಬಲ್ಬು ಪ್ರಕಾಶವಾಗಿ ಉರಿಯುತ್ತದೆ. ಪ್ರವಾಹ ಎರಡು ಆಂಪಿಯರನ್ನು ಮೀರದಂತೆ ತಡೆಯುವುದೂ ಆ ಬಲ್ಬೇ.

ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿರಿ. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಗುಣವಾದದ್ದು ಯಾವುದರಿಂದ ಎಂಬುದು ತಿಳಿಯದು. ಮತ್ತೆ ದೋಷ ಮರುಕಳಿಸಿದಾಗ ಮೊದಲಿನಿಂದ ಆರಂಭಿಸಬೇಕಾದೀತು.

ಖಾಸಗಿ ಕಾರಿನ ನೋಂದಣಿಯ ಅವಧಿ ೧೫ ವರ್ಷ; ಆಮೇಲೆ ಐದೈದು ವರ್ಷಕ್ಕೆ ಪರೀಕ್ಷೆಗೆ ಒಡ್ಡಿ ನವೀಕರಿಸಬೇಕು. ಮೇಷ್ಟ್ರ ಕಾರು ಆ ಪರೀಕ್ಷೆಗಳನ್ನು ದಾಟಿ ಬಂದಿದೆ. ಈಗ ಅದರ ಮುಳ್ಳು ಇಳಿದರೆ ಅವರು ನಂಬುತ್ತಾರೆ. ಆದರೂ ಟ್ಯಾಂಕು ತುಂಬಿಸಿದ ದಿನ ಕಿಲೋಮೀಟರಿನ ಅಂಕಿಯನ್ನು ಅದೇ ನೋಟುಪುಸ್ತಕದಲ್ಲಿ ಬರೆದಿಡುವುದನ್ನು ಬಿಟ್ಟಿಲ್ಲ. ಒಬ್ಬ ಸಾಕ್ಷಿಗಿಂತ ಇಬ್ಬರು ಲೇಸೆಂಬುದು ಅವರ ವಾದ. ವಿಜ್ಞಾನದ ವಾದವೂ ಅದೇ.